ಒದ್ದೆ ನೋಟು, ಒಣ ಚರ್ಚೆ

ಆಟಿ ತಿಂಗಳ ಮಳೆಯಲ್ಲಿ ಉಡುಪಿಯಲ್ಲಿ ಸ್ಕೂಟರ್ ಓಡಿಸುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ರೈನ್‌ಕೋಟಿಗೆ ಜೇಬು ಇಟ್ಟಿರುವುದು ನೀರು ಒಳಗೆ ಬಾರದಿರಲಿ ಅಂತಲ್ಲ, ಬಂದ ನೀರು ಹೊರಗೆ ಹೋಗದಿರಲಿ ಅಂತ. ನಮ್ಮ ಮಾಡಿನ ಹಂಚು ಬದಲಿಸುವವನಿಗೆ ಗೂಗಲ್ ಪೇ ಆಗುವುದಿಲ್ಲ. ಅದರಲ್ಲಿ ಹಾಕಿದರೆ ಹೆಂಡತಿಗೆ ಗೊತ್ತಾಗುತ್ತದಂತೆ. ಹಾಗಾಗಿ ಕಲ್ಸಂಕದ ಹತ್ತಿರ ಎಟಿಎಂನಿಂದ ದುಡ್ಡು ತೆಗೆದುಕೊಂಡು ಹೊರಟೆ. ಮನೆ ಮುಟ್ಟುವಾಗ ಐನೂರರ ನೋಟುಗಳೆಲ್ಲ ಒಂದಕ್ಕೊಂದು ಅಂಟಿ ಪತ್ರೊಡೆಯ ಹಾಗೆ ಆಗಿದ್ದವು.

ಕರೆಂಟು ಬೇರೆ ಇರಲಿಲ್ಲ. ಚಾವಡಿಯಲ್ಲಿ ಹಳೆ ಪೇಪರ್ ಹಾಸಿ, ನೋಟುಗಳನ್ನು ಒಂದೊಂದಾಗಿ ಬಿಡಿಸಿ ಮಲಗಿಸಿದೆ. ಗಾಂಧೀಜಿ ಸಾಲಾಗಿ ಮಲಗಿ ಸೋರುವ ಮಾಡನ್ನು ನೋಡಿ ನಗುತ್ತಿದ್ದರು. ಅಕ್ಕನ ಮಗ ಮಣಿಪಾಲದಲ್ಲಿ ಓದುವವನು, ರಜೆ ಅಂತ ಬಂದಿದ್ದ. ಅವನು ನೋಟಿನ ಸಾಲು ನೋಡಿ, "ಎಲ್ಲದರಲ್ಲೂ ಒಬ್ಬರೇ ಯಾಕೆ ಮಾವ? ಬೇರೆಯವರನ್ನೂ ಹಾಕಬಹುದಲ್ವಾ?" ಅಂದ.

ಸುಮ್ನೆ ಕೇಳಿದ ಪ್ರಶ್ನೆ. ಆದರೆ ಪಕ್ಕದ ಮನೆಯ ಮಾಮ್ (ಕೊಂಕಣಿಯಲ್ಲಿ ಮಾವ) ಆಗಲೇ ಜಗಲಿ ಹತ್ತಿಯಾಗಿತ್ತು. ಉಡುಪಿಯಲ್ಲಿ ಯಾವ ಕೇರಿಗೆ ಹೋದರೂ ಒಬ್ಬ ನಿವೃತ್ತ ಬ್ಯಾಂಕಿನವರು ಇದ್ದೇ ಇರುತ್ತಾರೆ. ನಮ್ಮ ಕೇರಿಗೆ ಮಾಮ್. ಅವರು ಜೀವಮಾನವಿಡೀ ದುಡಿದ ಬ್ಯಾಂಕು ಈಗ ಇನ್ನೊಂದು ಬ್ಯಾಂಕಿನ ಹೊಟ್ಟೆಯೊಳಗಿದೆ. ಅವರ ಹತ್ತಿರ ಈಗ ಉಳಿದಿರುವುದು ಪಿಂಚಣಿ ಮತ್ತು ಮಾಹಿತಿ. ಪಿಂಚಣಿ ಅವರು ಯಾರಿಗೂ ಕೊಡುವುದಿಲ್ಲ.

"ಗಾಂಧಿ ಮೊದಲಿಂದ ಇದ್ದವರಲ್ಲ ಮಾರಾಯ," ಮಾಮ್ ಶುರು ಮಾಡಿದರು. ಸ್ವಾತಂತ್ರ್ಯ ಬಂದಾಗ ನೋಟಿನ ಮೇಲೆ ಇದ್ದದ್ದು ಆರನೇ ಜಾರ್ಜ್. ಅವನನ್ನು ಇಳಿಸಿ ಗಾಂಧೀಜಿಯನ್ನು ಹಾಕುವ ಯೋಚನೆ ಇತ್ತು, ವಿನ್ಯಾಸವೂ ತಯಾರಾಗಿತ್ತು. ಕೊನೆಗೆ ಬಂದದ್ದು ಸಾರನಾಥದ ಸಿಂಹಗಳು. ಗಾಂಧೀಜಿ 1969ರಲ್ಲಿ ಶತಮಾನೋತ್ಸವಕ್ಕೆ ಒಮ್ಮೆ ಬಂದು ಹೋದರು, 1987ರಲ್ಲಿ ಐನೂರರ ಮೇಲೆ ಬಂದರು, 1996ರ ನಂತರವೇ ಎಲ್ಲ ನೋಟಿಗೂ ಕಾಯಂ ಆದದ್ದು. ಈಗಿನ ನಗುಮುಖ ಕೂಡ 1946ರ ಒಂದು ಫೋಟೊದಿಂದ ತೆಗೆದದ್ದು. ಅದರಲ್ಲಿ ಪಕ್ಕದಲ್ಲೇ ಬ್ರಿಟಿಷ್ ಮಂತ್ರಿ ಪೆಥಿಕ್ ಲಾರೆನ್ಸ್ ಇದ್ದರು.

"ಅವರನ್ನು ಎಂತ ಮಾಡಿದ್ರು?" ಅಮ್ಮ ಕೇಳಿದರು.

"ಕತ್ತರಿಸಿದ್ರು."

ಅಮ್ಮನಿಗೆ ಪಾಪ ಅನಿಸಿತು. ಆದರೂ ಮೊದಲ ಹೆಸರು ಸೂಚಿಸಿದ್ದು ಅವರೇ. "ನಮ್ಮ ಕೃಷ್ಣನನ್ನೇ ಹಾಕಬಹುದಲ್ಲ, ಕಡಗೋಲು ಹಿಡಿದವನನ್ನು." ಅಕ್ಕನ ಮಗ ಕೂಡಲೇ ಬೆಂಬಲಕ್ಕೆ ಬಂದ. ಇಂಡೋನೇಷ್ಯಾದಲ್ಲಿ 1998ರ ಇಪ್ಪತ್ತು ಸಾವಿರ ರುಪಾಯ ನೋಟಿನಲ್ಲಿ ಗಣಪತಿ ಇದ್ದ ಅಂತ ಮೊಬೈಲಿನಲ್ಲಿ ತೋರಿಸಿದ. ಅಮ್ಮ ಕಣ್ಣಿಗೊತ್ತಿಕೊಂಡರು. ಆಮೇಲೆ ಸ್ವಲ್ಪ ಯೋಚಿಸಿ, "ಆ ನೋಟು ಮಲ್ಪೆಯ ಮೀನು ಪೇಟೆಗೂ ಹೋಗ್ತದಾ?" ಅಂದರು.

"ಹೋಗದೆ? ಬಂಗುಡೆ ತರುವವರು ಎಂತ ಕೊಡಬೇಕು ಮತ್ತೆ?"

"ಹಾಗಾದರೆ ಬೇಡ. ಅಲ್ಲಿಂದ ಬಂದದ್ದನ್ನು ನಾನು ದೇವರ ಮುಂದೆ ಇಡುವುದು ಹೇಗೆ?" ಕೃಷ್ಣ ಬಂದಷ್ಟೇ ಬೇಗ ಹೋದ.

ನನ್ನ ಹೆಂಡತಿ ಉಳ್ಳಾಲದವಳು. ಅವಳ ಅಭ್ಯರ್ಥಿ ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. "ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕ ಇರುವಾಗ ಬೇರೆ ಯಾರು ಯಾಕೆ?" ಮಾತು ಸರಿಯೇ. ಆದರೆ ಅಬ್ಬಕ್ಕನ ಮುಖ ಹೇಗಿತ್ತು ಅಂತ ಯಾರು ಹೇಳುವುದು? ಆ ಕಾಲದ ಚಿತ್ರ ನಾವು ಯಾರೂ ನೋಡಿದವರಲ್ಲ. ಅಕ್ಕನ ಮಗ, "ಅತ್ತೆ, ನಿಮ್ಮದೇ ಫೋಟೊ ಕೊಟ್ಟರಾಯ್ತು, ಸಿಟ್ಟು ಬಂದಾಗ ತೆಗೆದದ್ದು," ಅಂದ. ಅವನಿಗೆ ಆ ದಿನ ಎರಡನೇ ಕಾಫಿ ಸಿಗಲಿಲ್ಲ. ಹಾಗಂತ ಹೆಂಡತಿ ಪಟ್ಟು ಬಿಡಲಿಲ್ಲ. ಹೆಂಗಸರೇ ಬೇಕು, ಫೋಟೊ ಇರುವವರೇ ಬೇಕು ಅಂದರೆ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದಾರಲ್ಲ, 1903ರಲ್ಲಿ ಮಂಗಳೂರಿನಲ್ಲೇ ಹುಟ್ಟಿದವರು. ಉಪ್ಪಿನ ಸತ್ಯಾಗ್ರಹದಲ್ಲಿ ಬೊಂಬಾಯಿಯ ಶೇರು ಮಾರುಕಟ್ಟೆಯೊಳಗೇ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದವರು. ಇಷ್ಟು ಧೈರ್ಯವಾಗಿ ವ್ಯಾಪಾರ ಮಾಡಿದವರು ನೋಟಿಗೆ ಬಾರದಿದ್ದರೆ ಮತ್ಯಾರು ಬರಬೇಕು? ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ನಮ್ಮ ಮನೆಯಲ್ಲಿ ಮಾಡುವುದನ್ನೇ ಮಾಡಿದೆವು. ವಿಷಯ ಬದಲಿಸಿದೆವು.

ಅಕ್ಕನ ಮಗ ಶಿವರಾಮ ಕಾರಂತರ ಹೆಸರು ಹೇಳಿದ. ಅವನ ಕಾರಣ ಮಾತ್ರ ಸಾಹಿತ್ಯದ್ದಲ್ಲ, ಕೂದಲಿನದು. ಜಪಾನಿನಲ್ಲಿ ಹಿಂದೆ ನೋಟಿಗೆ ಮುಖ ಆರಿಸುವಾಗ ಗಡ್ಡ ಮೀಸೆಯವರಿಗೆ ಜಾಸ್ತಿ ಬೆಲೆ ಇತ್ತಂತೆ. ಒಂದೊಂದು ಎಳೆಯನ್ನೂ ನಕಲು ಮಾಡುವುದು ಕಳ್ಳರಿಗೆ ಕಷ್ಟ. "ಕಾರಂತರ ಆ ಬಿಳಿ ತಲೆಯನ್ನು ಯಾವ ಖೋಟಾನೋಟಿನವನು ಮಾಡ್ತಾನೆ ನೋಡುವ!" ಮಾಮ್ ತಲೆಯಾಡಿಸಿದರು. ತುರ್ತು ಪರಿಸ್ಥಿತಿಯಲ್ಲಿ ಪದ್ಮಭೂಷಣವನ್ನೇ ವಾಪಸು ಕೊಟ್ಟ ಮನುಷ್ಯ. ನೋಟಿನ ಮೇಲೆ ಹಾಕಿದರೆ ಅದನ್ನೂ ವಾಪಸು ಮಾಡಿಯಾರು. ಆಮೇಲೆ ಖಜಾನೆಯಲ್ಲಿ ಜಾಗ ಎಲ್ಲಿ?

ಮಾಮ್ ಅಭ್ಯರ್ಥಿ ಬೆನಗಲ್ ರಾಮ ರಾವ್. ಹುಡುಗನಿಗೆ ಹೆಸರೇ ಗೊತ್ತಿರಲಿಲ್ಲ. ಮಂಗಳೂರು ಮೂಲದವರು, 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್. ಹಣಕಾಸು ಮಂತ್ರಿಯ ಜೊತೆ ಜಗಳವಾಗಿ ರಾಜೀನಾಮೆ ಕೊಟ್ಟು ಬಂದವರು. "ಆಗಿನ ನೋಟಿನ ಮೇಲೆಲ್ಲ ನಮ್ಮ ಊರಿನ ಸಹಿ!" ಮಾಮ್ ಎದೆಯುಬ್ಬಿಸಿದರು. ಬ್ಯಾಂಕಿನವರಿಗೆ ಮುಖಕ್ಕಿಂತ ಸಹಿ ದೊಡ್ಡದು.

ಮುಖವೇ ಬೇಕೆಂದವರೂ ಇದ್ದರು ಅಂತ ಮಾಮ್ ಇನ್ನೊಂದು ಕಥೆ ತೆಗೆದರು. ಅಮೆರಿಕದಲ್ಲಿ ಸ್ಪೆನ್ಸರ್ ಕ್ಲಾರ್ಕ್ ಎಂಬ ಖಜಾನೆ ಅಧಿಕಾರಿ ಐದು ಸೆಂಟಿನ ನೋಟಿನ ಮೇಲೆ ತನ್ನ ಮುಖವನ್ನೇ ಅಚ್ಚು ಹಾಕಿಸಿದ್ದನಂತೆ. ಅಲ್ಲಿನ ಸಂಸತ್ತು ಸಿಟ್ಟಾಗಿ, ಬದುಕಿರುವವರ ಚಿತ್ರ ನೋಟಿನಲ್ಲಿ ಕೂಡದು ಅಂತ 1866ರಲ್ಲಿ ಕಾನೂನು ಮಾಡಿತು. ಈ ಕಥೆ ಹೇಳುವಾಗ ಮಾಮ್ ಮುಖದಲ್ಲಿ ಕ್ಲಾರ್ಕನ ಮೇಲೆ ಸ್ವಲ್ಪ ಜಾಸ್ತಿಯೇ ಕನಿಕರ ಇತ್ತು ಅಂತ ನನಗೆ ಅನುಮಾನ.

ನಾನು ಕಾರ್ನಾಡ್ ಸದಾಶಿವ ರಾವ್ ಅಂದೆ. ಸ್ವಾತಂತ್ರ್ಯ ಹೋರಾಟಕ್ಕೆ ಇದ್ದದ್ದೆಲ್ಲ ಕೊಟ್ಟು 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡವರು. ಮಂಗಳೂರಿನಲ್ಲಿ ಅವರ ಹೆಸರಿನ ರಸ್ತೆಗೆ ಎಲ್ಲರೂ ಹೋಗುತ್ತಾರೆ, ಕೆ.ಎಸ್. ರಾವ್ ರೋಡ್ ಅಂತ. ಹೋಗುವುದು ಸೀರೆಗೂ ಚಪ್ಪಲಿಗೂ. ಹೆಂಡತಿ, "ಅವರನ್ನು ಹಾಕಿದರೆ ನೋಟು ನಿಮ್ಮ ಜೇಬಿನಲ್ಲಿ ನಿಲ್ತದಾ? ಗಾಂಧಿ ಇರುವಾಗಲೇ ನಿಲ್ಲುವುದಿಲ್ಲ," ಅಂದಳು.

ಮನುಷ್ಯರೇ ಬೇಡ ಅಂತ ಹುಡುಗ ಕೊನೆಗೊಂದು ಸಂಧಾನ ತಂದ. ಯೂರೋ ನೋಟಿನ ಹಿಂಬದಿಯಲ್ಲಿ ಸೇತುವೆಗಳು. ಅದೂ ಯಾವ ದೇಶಕ್ಕೂ ಬೇಸರ ಆಗಬಾರದು ಅಂತ ಎಲ್ಲೂ ಇಲ್ಲದ ಸೇತುವೆಗಳು. ಆಮೇಲೆ ನೆದರ್ಲೆಂಡ್ಸಿನ ಒಂದು ಊರಿನವರು ಅವನ್ನೆಲ್ಲ ನಿಜವಾಗಿ ಕಟ್ಟಿಯೇ ಬಿಟ್ಟರು. ನಮ್ಮಲ್ಲಿ ಹಾಗೆ ಮಾಡಿದರೆ ಅನುಕೂಲ ಉಂಟು. ನೋಟಿನಲ್ಲಿ ಬಂದ ಮೇಲಾದರೂ ಸೇತುವೆ ಆದೀತು.

ಮಾಮ್ ಒಪ್ಪಲಿಲ್ಲ. ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿ ತೋರಿಸಲು ಒಂದು ನೋಟು ಎತ್ತಿದರು. ಅದರಲ್ಲಿ ಕೊಂಕಣಿ ಉಂಟು. "ತುಳು ಎಲ್ಲುಂಟು?" ಅಂತ ಹುಡುಗ ಅದನ್ನೇ ತನ್ನ ಕಡೆ ಎಳೆದ. ಒದ್ದೆ ಕಾಗದ ಭಾಷಾ ವಿವಾದ ತಡೆಯುವುದಿಲ್ಲ. ಪರ್‍ರೆಂದು ಹರಿಯಿತು. ಅದೇ ಹೊತ್ತಿಗೆ ಕರೆಂಟು ಬಂತು, ಫ್ಯಾನು ಫುಲ್ ಸ್ಪೀಡಿನಲ್ಲಿತ್ತು. ಒಣಗಿದ ಗಾಂಧಿಗಳೆಲ್ಲ ಒಮ್ಮೆಲೇ ಎದ್ದರು. ಒಬ್ಬರು ದೇವರ ಕೋಣೆಗೆ ಹೋದರು, ಇಬ್ಬರು ಕಪಾಟಿನಡಿಗೆ. ಹರಿದ ಸಣ್ಣ ತುಂಡು ಕಿಟಕಿಯಿಂದ ಹಾರಿ ತೋಡಿನ ನೀರಿನಲ್ಲಿ ಹೊರಟುಹೋಯಿತು.

ಮರುದಿನ ದೊಡ್ಡ ತುಂಡು ಹಿಡಿದು ಪೇಟೆಯ ಬ್ಯಾಂಕಿಗೆ ಹೋದೆ. ಮಾಮ್ ಕರೆಯದೇ ಬಂದರು. ಕೌಂಟರಿನ ಮೇಡಂ ಸ್ಕೇಲು ತೆಗೆದು ಅಳೆದರು. ಐನೂರರ ನೋಟು ಒಟ್ಟು 99 ಚದರ ಸೆಂಟಿಮೀಟರ್. ಉಳಿದ ತುಂಡು ಶೇಕಡಾ 80ಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ಹಣ, 40ರಿಂದ 80ರೊಳಗಿದ್ದರೆ ಅರ್ಧ.

"ಅರ್ಧವೇ ಬರುವುದು ಸರ್."

"ಗಾಂಧಿ ಪೂರ್ತಿ ಇದ್ದಾರಲ್ಲ ಮೇಡಂ, ಕನ್ನಡಕಕ್ಕೂ ಎಂತ ಆಗಲಿಲ್ಲ," ಮಾಮ್ ವಾದಕ್ಕೆ ನಿಂತರು.

"ಮುಖ ಲೆಕ್ಕಕ್ಕಿಲ್ಲ ಸರ್. ಅಳತೆ ಮಾತ್ರ."

ಹಿಂದಿನ ಸಂಜೆಯಿಡೀ ನಾವು ಮಂಡೆಬೆಚ್ಚ ಮಾಡಿಕೊಂಡದ್ದು ಮುಖಕ್ಕೆ! ಮಾಮ್ ಬಿಡುವವರಲ್ಲ. ಮೇಡಂಗೆ ಚರ್ಚೆಯ ಸಾರಾಂಶ ಹೇಳಿ, "ನಿಮ್ಮ ಅಭಿಪ್ರಾಯ ಎಂತ?" ಅಂತ ಕೇಳಿಯೇ ಬಿಟ್ಟರು. ಮೇಡಂ ಮಾತಾಡದೆ ಇನ್ನೂರರ ಸಾಂಚಿಯನ್ನೂ ಐವತ್ತರ ಹಂಪಿಯನ್ನೂ ಎಣಿಸಿ ಕೊಟ್ಟರು. ಉತ್ತರ ಬಂದದ್ದು ಬಾಗಿಲಿನಲ್ಲಿ ಕೋವಿ ಹಿಡಿದು ನಿಂತ ವಾಚ್‌ಮನ್ ಕಡೆಯಿಂದ.

"ನಮ್ಮ ತುಳುನಾಡಿನ ಅವಳಿ ವೀರರು, ಕೋಟಿ ಚೆನ್ನಯ."

"ಒಂದು ನೋಟಿಗೆ ಇಬ್ಬರಾ?"

"ನೋಟಿಗೆ ಎರಡು ಬದಿ ಉಂಟಲ್ಲ ಸರ್."

ಮಾಮ್ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಕುರ್ಚಿ ಎಳೆದುಕೊಂಡು ಅವನ ಹತ್ತಿರವೇ ಕೂತರು. "ಸರಿ. ಎದುರು ಬದಿಗೆ ಯಾರು? ಚೆನ್ನಯ ಸಿಟ್ಟಿನವ ಮಾರಾಯ, ಹಿಂದೆ ಹಾಕಿದರೆ ಬಿಡ್ತಾನಾ?"