ರೇಸಿಸ್ಟ್ ಅನ್ನಿಸಿಕೊಂಡ ಮೇಲೂ ಕೆಲಸ ಮಾಡಬೇಕಲ್ಲ

ಆಫೀಸಿನಲ್ಲಿ ಯಾರಾದರೂ ಸೋಮಾರಿ ಅಂದರೆ ಕೋಪ ಬರುತ್ತದೆ. ರೇಸಿಸ್ಟ್ ಅಂದರೆ ಕೋಪಕ್ಕಿಂತ ಮೊದಲು ನಾಚಿಕೆ ಬರುತ್ತದೆ, ತಪ್ಪು ಮಾಡಿರಲಿ ಬಿಡಲಿ.

ನಾನು ಕೊಟ್ಟ ರೇಟಿಂಗ್ ಕಡಿಮೆಯಾಗಿದ್ದಕ್ಕೆ ತಮ್ಮ ಮೈಬಣ್ಣವೇ ಕಾರಣ ಅಂತ ಟೀಮಿನವರೊಬ್ಬರು ಎಚ್‌ಆರ್‌ಗೆ ದೂರು ಕೊಟ್ಟಿದ್ದರು. ವಿಚಾರಣೆ ಮುಗಿದಿದೆ, ಆರೋಪ ಸಾಬೀತಾಗಿಲ್ಲ. ಅವರ ಬಗ್ಗೆ ಇಲ್ಲಿ ಇನ್ನೇನೂ ಬರೆಯುವುದಿಲ್ಲ. ನನ್ನ ತಲೆಯೊಳಗೆ ಏನು ನಡೆಯಿತು ಅನ್ನುವುದು ಮಾತ್ರ ನನಗೆ ಗೊತ್ತು.

ಸುದ್ದಿ ತಿಳಿದ ಕೂಡಲೇ ಮನಸ್ಸು ಸಾಕ್ಷಿ ಹುಡುಕಲು ಶುರು ಮಾಡಿತು. ಆ ಬಣ್ಣದ ಗೆಳೆಯರು ಯಾರ್‍ಯಾರು, ಯಾರಿಗೆ ಯಾವಾಗ ಸಹಾಯ ಮಾಡಿದ್ದೆ, ಎಲ್ಲಾ ಪಟ್ಟಿ ಆಯಿತು. ಆದರೆ ನನ್ನ ಒಳ್ಳೆಯತನದ ಬಗ್ಗೆ ಯಾರೂ ಕೇಳಿರಲಿಲ್ಲವಲ್ಲ! ಕೇಳಿದ್ದು ಒಂದು ರೇಟಿಂಗ್ ಬಗ್ಗೆ. ಅದಕ್ಕೆ ಉತ್ತರ ಇರುವುದು ಕೆಲಸದ ದಾಖಲೆಯಲ್ಲಿ, ಅದೇ ಅಳತೆಗೋಲಿನಲ್ಲಿ ಉಳಿದವರಿಗೆ ಎಷ್ಟು ಕೊಟ್ಟಿದ್ದೇನೆ ಅನ್ನುವುದರಲ್ಲಿ. ಇದು ಹೊಳೆದ ಮೇಲೆಯೇ ನನಗೆ ಸ್ವಲ್ಪ ಉಸಿರಾಡಲು ಆಗಿದ್ದು. ಇಡೀ ಬದುಕನ್ನು ಸಮರ್ಥಿಸಿಕೊಳ್ಳಲು ಯಾರಿಂದಲೂ ಆಗಲ್ಲ, ಒಂದು ನಿರ್ಧಾರಕ್ಕೆ ಕಾರಣ ಹೇಳಬಹುದು.

'ನನ್ನ ಉದ್ದೇಶ ಅದಾಗಿರಲಿಲ್ಲ' ಅನ್ನುವುದೂ ಅಷ್ಟು ದೊಡ್ಡ ಉತ್ತರವಲ್ಲ. ಬ್ರಿಟನ್‌ನ 2010ರ ಸಮಾನತೆ ಕಾಯ್ದೆ ಕಿರುಕುಳದ ವಿಷಯದಲ್ಲಿ ಉದ್ದೇಶವನ್ನೂ ನೋಡುತ್ತದೆ, ಪರಿಣಾಮವನ್ನೂ ನೋಡುತ್ತದೆ. ಜೊತೆಗೆ, ಆ ನಡವಳಿಕೆಯಿಂದ ಅಂಥ ಪರಿಣಾಮ ಆಯಿತು ಅನ್ನುವುದು ಸಮಂಜಸವೇ ಅಂತಲೂ ಕೇಳುತ್ತದೆ. ನೊಂದವರ ಮಾತೂ ಲೆಕ್ಕಕ್ಕೆ ಬರುತ್ತದೆ, ಅದೊಂದೇ ತೀರ್ಪಾಗುವುದೂ ಇಲ್ಲ. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ, ಆರೋಪದ ಈ ಕಡೆ ಕೂತು ನೋಡಿದರೂ.

ಹಿತೈಷಿಗಳ ಕಾಟವೇ ಜಾಸ್ತಿ. 'ಈಗ ಎಲ್ಲದಕ್ಕೂ ಬಣ್ಣ ಎಳೆದು ತರ್ತಾರೆ ಬಿಡು' ಅಂತ ಸಮಾಧಾನ ಮಾಡುತ್ತಾರೆ. ಕೇಳಲು ಹಿತವಾಗಿರುತ್ತದೆ. ಹಾಗೆ ಹೇಳುತ್ತಾ ಹೋದರೆ ಮುಂದಿನ ಸಲ ನಿಜವಾಗಿ ಅನ್ಯಾಯ ಆದವರು ಬಾಯಿ ಬಿಡಲ್ಲ, ಅಲ್ವಾ? ನನಗೆ ನೋವಾಯಿತು ನಿಜ. ಆ ನೋವಿನಿಂದ ದೂರು ಸುಳ್ಳು ಅಂತ ಸಾಬೀತಾಗುವುದಿಲ್ಲ.

ಇನ್ನು ಕೆಲವರು 'ಅವರ ಹತ್ತಿರ ನೇರವಾಗಿ ಮಾತಾಡಿ ಮುಗಿಸು' ಅಂದರು. ವಿಚಾರಣೆ ನಡೆಯುವಾಗ ಬೇಡವೇ ಬೇಡ. ಒಳ್ಳೆ ಮನಸ್ಸಿನಿಂದ ಹೋದರೂ ಒತ್ತಡ ಹಾಕಿದ ಹಾಗೆ ಕಾಣುತ್ತದೆ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಕೆಳಗೆ, ಪ್ರಾಮಾಣಿಕವಾಗಿ ನಂಬಿ ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದೇ ಬೇರೆ ತಪ್ಪು. ಮೂಲ ದೂರು ಬಿದ್ದುಹೋದರೂ ಈ ತಪ್ಪು ಸಾಬೀತಾಗಬಹುದು. ಇಮೇಲ್ ಅಳಿಸುವುದು, ಆಫೀಸ್ ಚಾಟ್‌ನಲ್ಲಿ ಗೋಳು ತೋಡಿಕೊಳ್ಳುವುದು, ಇವೂ ಬೇಡ. ಅಳಬೇಕಿದ್ದರೆ ಆಫೀಸಿಗೆ ಸಂಬಂಧವಿಲ್ಲದ ಒಬ್ಬರನ್ನು ಹುಡುಕಿಕೊಳ್ಳಿ.

ಕಷ್ಟ ಇರುವುದು ಆಮೇಲೆ. 'ಸಾಬೀತಾಗಿಲ್ಲ' ಅನ್ನುವ ಪತ್ರ ಬಂತು. ಅದನ್ನು ಓದಿ ಹಗುರಾಗುತ್ತೇನೆ ಅಂದುಕೊಂಡಿದ್ದೆ, ಆಗಲಿಲ್ಲ. 'ನೀನು ಒಳ್ಳೆಯವನು' ಅಂತ ಬರೆದಿರಬೇಕಿತ್ತು ಅನ್ನಿಸಿತು. ಎಚ್‌ಆರ್ ಅಂಥ ಪತ್ರ ಕೊಡುವುದಿಲ್ಲ, ಕೊಡಲೂಬಾರದು.

2008ರಲ್ಲಿ ಗಾಫ್, ಸ್ಟೀಲ್, ಡೇವಿಸ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದಿದೆ. ಜನಾಂಗದ ವಿಷಯ ಮಾತಾಡಬೇಕು ಅಂತ ಗೊತ್ತಾದಾಗ ಬಿಳಿಯರು ತಮ್ಮ ಕುರ್ಚಿಯನ್ನು ಕಪ್ಪು ಜೊತೆಗಾರರಿಂದ ಹೆಚ್ಚು ದೂರ ಇಟ್ಟುಕೊಂಡರಂತೆ. ಸಂಶೋಧಕರು ಅದಕ್ಕೆ ಕಾರಣವಾಗಿ ತೋರಿಸಿದ್ದು ದ್ವೇಷವನ್ನಲ್ಲ, ರೇಸಿಸ್ಟ್ ಅನ್ನಿಸಿಕೊಂಡುಬಿಟ್ಟರೆ ಅನ್ನುವ ಭಯವನ್ನು. ನನ್ನ ಮನಸ್ಸೂ ಹಾಗೇ ದೂರ ಸರಿಯಲು ನೋಡುತ್ತದೆ. ದೂರು ಕೊಟ್ಟವರಿಗೆ ಫೀಡ್‌ಬ್ಯಾಕ್ ಕೊಡದೆ ಸುಮ್ನೆ ಇದ್ದುಬಿಡೋಣ ಅನ್ನಿಸುತ್ತದೆ. ಆದರೆ ಟೀಮಿನಲ್ಲಿ ಎಲ್ಲರಿಗೂ ಸಿಗುವ ಮಾರ್ಗದರ್ಶನ ಅವರೊಬ್ಬರಿಗೆ ಮಾತ್ರ ಸಿಗದಿದ್ದರೆ, ಈ ಸಲ ಅವರ ದೂರು ನಿಜವೇ ಆಗುತ್ತದೆ. ಹಾಗಾಗಿ ಅವರ ಜೊತೆಗಿನ ವಾರದ ಮೀಟಿಂಗ್ ರದ್ದು ಮಾಡಿಲ್ಲ. ಇಬ್ಬರಿಗೂ ಮುಜುಗರ ಇದೆ, ಕೆಲಸದ ಮಾತು ನಡೆಯುತ್ತಿದೆ.