ಹಿಟ್ಲರ್‌ನನ್ನು ಕುರ್ಚಿಯಲ್ಲಿ ಕೂರಿಸಿದವರು

'ಹಿಟ್ಲರ್‌ನನ್ನು ಜನರೇ ವೋಟು ಹಾಕಿ ಗೆಲ್ಲಿಸಿದರು' ಅನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಇದು ಅರ್ಧ ನಿಜ. ಉಳಿದರ್ಧವೇ ನನಗೆ ಜಾಸ್ತಿ ಭಯ ಹುಟ್ಟಿಸುವುದು.

1932ರ ಜುಲೈನಲ್ಲಿ ನಾಜಿ ಪಕ್ಷಕ್ಕೆ ಶೇ. 37ರಷ್ಟು ಮತ ಬಂದಿತ್ತು. ನವೆಂಬರ್‌ನಲ್ಲಿ ಮತ್ತೆ ಚುನಾವಣೆ ನಡೆದಾಗ ಅದು ಶೇ. 33ಕ್ಕೆ ಇಳಿಯಿತು. 34 ಸೀಟು ಕೈಬಿಟ್ಟವು. ಪಕ್ಷದ ಬಳಿ ದುಡ್ಡೂ ಇರಲಿಲ್ಲ. ಹೀಗೆ ಇಳಿಯುತ್ತಿದ್ದವನನ್ನು ಕೈಹಿಡಿದು ಮೇಲೆತ್ತಿದ್ದು ದೊಡ್ಡ ಮನುಷ್ಯರು.

ಅವರಲ್ಲಿ ಮುಖ್ಯ ಆಸಾಮಿ ಮಾಜಿ ಚಾನ್ಸಲರ್ (ಅಂದರೆ ಜರ್ಮನಿಯ ಪ್ರಧಾನಿ) ಫ್ರಾಂಜ್ ಫಾನ್ ಪಾಪೆನ್. ತನ್ನ ಕುರ್ಚಿ ಕಿತ್ತುಕೊಂಡ ಶ್ಲೈಶರ್ ಮೇಲೆ ಅವನಿಗೆ ಸಿಟ್ಟು. ಹಿಟ್ಲರ್‌ನನ್ನು ಚಾನ್ಸಲರ್ ಮಾಡಿ, ಲಗಾಮು ನಮ್ಮ ಕೈಯಲ್ಲೇ ಇರುತ್ತದೆ ಎಂದು ಮುದುಕ ಅಧ್ಯಕ್ಷ ಹಿಂಡೆನ್‌ಬರ್ಗ್‌ನನ್ನು ಒಪ್ಪಿಸಿದ. 1933ರ ಜನವರಿ 30ರ ಆ ಸಂಪುಟದಲ್ಲಿ ಹಿಟ್ಲರ್ ಸೇರಿ ನಾಜಿಗಳು ಮೂರೇ ಜನ. ಆದರೆ ಆ ಮೂವರಲ್ಲಿ ಒಬ್ಬನಾದ ಗೋರಿಂಗ್ ಕೈಗೆ ಜರ್ಮನಿಯ ಅತಿ ದೊಡ್ಡ ರಾಜ್ಯ ಪ್ರಷ್ಯಾದ ಪೊಲೀಸರು ಸಿಕ್ಕಿದ್ದರು. ಮಂತ್ರಿಗಳ ತಲೆ ಎಣಿಸಿದವರು ಲಾಠಿ ಯಾರ ಕೈಯಲ್ಲಿದೆ ಅಂತ ನೋಡಲೇ ಇಲ್ಲ!

ಫೆಬ್ರವರಿ 27ಕ್ಕೆ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ನಾಗರಿಕ ಹಕ್ಕುಗಳು ರದ್ದಾದವು. ವಿರೋಧಿಗಳನ್ನು ಜೈಲಿಗೆ ತುಂಬಿ ಮಾರ್ಚ್ 5ರಂದು ನಡೆಸಿದ ಚುನಾವಣೆಯಲ್ಲೂ ನಾಜಿಗಳಿಗೆ ಸಿಕ್ಕಿದ್ದು ಶೇ. 44 ಮಾತ್ರ. ಬಹುಮತ ಆಗಲೂ ಇಲ್ಲ.

ಮಾರ್ಚ್ 23ರಂದು ಸಂಸತ್ತು ಸೇರಿದ್ದು ಒಂದು ಒಪೆರಾ ಮಂದಿರದಲ್ಲಿ. ಹೊರಗೂ ಒಳಗೂ ಸಮವಸ್ತ್ರ ತೊಟ್ಟ ನಾಜಿ ಪಡೆಯವರು. ಸಂಸತ್ತನ್ನೇ ಕೇಳದೆ ಸರ್ಕಾರ ಕಾನೂನು ಮಾಡಬಹುದು ಅನ್ನುವ ಮಸೂದೆ. ಮೂರನೇ ಎರಡರಷ್ಟು ಮತ ಬೇಕು. ಕ್ಯಾಥೊಲಿಕರ ಸೆಂಟರ್ ಪಕ್ಷದ ಮುಖಂಡ ಕಾಸ್‌ಗೆ ಲಿಖಿತ ಭರವಸೆಯ ಪತ್ರ ಕೊಡುವುದಾಗಿ ಹಿಟ್ಲರ್ ಹೇಳಿದ್ದ. ಪತ್ರ ಬರಲೇ ಇಲ್ಲ, ಪಕ್ಷ ಮಾತ್ರ ಮತ ಹಾಕಿತು. ಪರ 444, ವಿರೋಧ 94. ಆ 94 ಮತವೂ ಸೋಷಿಯಲ್ ಡೆಮಾಕ್ರಾಟರದ್ದೇ. ಅವರ ನಾಯಕ ಓಟ್ಟೊ ವೆಲ್ಸ್ ಅಷ್ಟು ಜನರ ಎದುರು ನಿಂತು ಇದನ್ನು ಒಪ್ಪುವುದಿಲ್ಲ ಅಂದ. ಉಳಿದ ಪಕ್ಷಗಳ ಘಟಾನುಘಟಿಗಳಿಗೆ ಅಷ್ಟೂ ಆಗಲಿಲ್ಲವಲ್ಲ ಅಂತ ಇವತ್ತಿಗೂ ಸಿಟ್ಟು ಬರುತ್ತದೆ.

ಪಾಪೆನ್ ಕಥೆ? 1934ರ ಜೂನ್ 30ರಿಂದ ಹಿಟ್ಲರ್ ನಡೆಸಿದ ಹತ್ಯಾಕಾಂಡದಲ್ಲಿ ಶ್ಲೈಶರ್ ಸತ್ತ. ಪಾಪೆನ್‌ಗೆ ಭಾಷಣ ಬರೆದುಕೊಡುತ್ತಿದ್ದವನನ್ನೂ ಕೊಂದರು. ಪಾಪೆನ್‌ಗೆ ಗೃಹಬಂಧನ. ಅಷ್ಟಾದ ಮೇಲೂ ಈ ಮನುಷ್ಯ ಕೆಲವೇ ವಾರಗಳಲ್ಲಿ ಹಿಟ್ಲರ್‌ನ ರಾಯಭಾರಿಯಾಗಿ ವಿಯೆನ್ನಾಕ್ಕೆ ಹೊರಟ!