ಸ್ಕೂಟರ್‌ಗೆ ಯಾರೂ ಹೆಬ್ಬೆಟ್ಟು ಕೇಳಲ್ಲ

ತಟ್ಟೆಯಲ್ಲಿ ನಾಲ್ಕು ಅಗುಳು ಬಿಟ್ಟರೂ ನಮ್ಮಮ್ಮ ಸುಮ್ನೆ ಬಿಡುವವಳಲ್ಲ. ಅಂಥವಳಿಗೆ ಮೊನ್ನೆ ಪೆಟ್ರೋಲ್ ಬಂಕಿನ ಲೆಕ್ಕ ಹೇಳಿಬಿಟ್ಟೆ. ಹೇಳಬಾರದಿತ್ತು.

ಲೆಕ್ಕ ಇಷ್ಟೇ. ಈಗಿನ ಪೆಟ್ರೋಲ್‌ನಲ್ಲಿ ನೂರಕ್ಕೆ 20 ಪಾಲು ಎಥನಾಲ್, ಅಂದರೆ ಬೆಳೆಯಿಂದ ಬಟ್ಟಿ ಇಳಿಸಿದ ಸ್ಪಿರಿಟ್. ಒಂದು ಕೆಜಿ ಅಕ್ಕಿ ಕೊಳೆಸಿ ಬಟ್ಟಿ ಇಳಿಸಿದರೆ ಅರ್ಧ ಲೀಟರ್ ಎಥನಾಲ್ ಕೂಡ ಬರಲ್ಲ. ಅಂದರೆ ನನ್ನ ಸ್ಕೂಟರ್‌ನ 5 ಲೀಟರ್ ಟ್ಯಾಂಕ್ ತುಂಬಿಸಿದರೆ ಎರಡು ಕೆಜಿಗೂ ಜಾಸ್ತಿ ಅಕ್ಕಿ ಅದರ ಹೊಟ್ಟೆಗೆ. ಎಥನಾಲ್ ಕಬ್ಬಿನದೋ ಮೆಕ್ಕೆಜೋಳದ್ದೋ ಇರಬಹುದು, ಇಲ್ಲ ಅನ್ನಲ್ಲ. ಬಂಕಿನ ಹುಡುಗನನ್ನು ಕೇಳಿದೆ, ನಕ್ಕ.

ಸೊಸೈಟಿ ಅಂಗಡಿಯಲ್ಲಿ ಅಮ್ಮ ಹೆಬ್ಬೆಟ್ಟು ಒತ್ತಬೇಕು. ಗೆರೆ ಸವೆದಿದೆ, ಮೆಷಿನ್ ಒಪ್ಪಲ್ಲ. ಒಪ್ಪಿದ ದಿನ ಸರ್ವರ್ ಇರಲ್ಲ. ನನ್ನ ಸ್ಕೂಟರ್‌ಗೆ ರೇಷನ್ ಕಾರ್ಡ್ ಇಲ್ಲ, ಆಧಾರ್ ಇಲ್ಲ, ಆದಾಯ ಪ್ರಮಾಣಪತ್ರವಂತೂ ಇಲ್ವೇ ಇಲ್ಲ. ಮುಚ್ಚಳ ತೆಗೆದರೆ ಸಾಕು, ಬಡಿಸುತ್ತಾರೆ.

2023 ನೆನಪಿದೆ ಅಲ್ವಾ? ಕೆಜಿಗೆ 34 ರೂಪಾಯಿ ಎಣಿಸ್ತೀವಿ, ಅನ್ನಭಾಗ್ಯಕ್ಕೆ ಅಕ್ಕಿ ಕೊಡಿ ಅಂತ ನಮ್ಮ ರಾಜ್ಯ ಭಾರತ ಆಹಾರ ನಿಗಮದ ಬಾಗಿಲಲ್ಲಿ ಚೀಲ ಹಿಡಿದು ನಿಂತಿತ್ತು. ಜೂನ್ 12ಕ್ಕೆ ನಿಗಮ ಹೂಂ ಅಂತು. 13ಕ್ಕೆ ಕೇಂದ್ರ ಊಹೂಂ ಅಂತು. ಕೊನೆಗೆ ಐದು ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬಂತು. ದುಡ್ಡನ್ನು ನೆನೆಹಾಕಿ ರುಬ್ಬಿದರೆ ದೋಸೆ ಆಗುತ್ತಾ ಅಂತ ಯಾರೂ ಹೇಳಲಿಲ್ಲ. (ಆ ವರ್ಷ ಎಥನಾಲ್ ಇಳಿಸುವ ಡಿಸ್ಟಿಲರಿಗಳಿಗೂ ಅಕ್ಕಿ ನಿಲ್ಲಿಸಿದ್ದರು, ಅದನ್ನೂ ಹೇಳಬೇಕು.)

ಆಮೇಲೆ ಗೋದಾಮು ತುಂಬಿ ತುಳುಕಿತು. 2024-25ರಲ್ಲಿ ಎಥನಾಲ್‌ಗೆ ಅಂತಲೇ 52 ಲಕ್ಷ ಟನ್ ಅಕ್ಕಿ ಎತ್ತಿಟ್ಟರು. ಬೆಲೆ ಕೆಜಿಗೆ 22 ರೂಪಾಯಿ 50 ಪೈಸೆ. ಇಲ್ಲೇ ಸ್ವಲ್ಪ ನಿಂತು ನೋಡಿ. ಅದೇ ವರ್ಷ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕೆಜಿಗೆ 23 ರೂಪಾಯಿ. ನೂರು ಕೆಜಿ ಭತ್ತ ಮಿಲ್ಲಿಗೆ ಹಾಕಿದರೆ ಅಕ್ಕಿ ಬರುವುದು 67 ಕೆಜಿ. ಮಿಲ್ಲಿನ ಕೂಲಿ, ಗೋಣಿಚೀಲ, ಹಮಾಲಿ, ಲಾರಿ ಬಾಡಿಗೆ, ಗೋದಾಮಿನ ಇಲಿಯ ಪಾಲು, ಇಷ್ಟೆಲ್ಲ ಸೇರಿದ ಮೇಲೆ ಬೆಲೆ 50 ಪೈಸೆ ಇಳಿದಿದೆ! ನಮ್ಮೂರ ಮಿಲ್ಲಿನವನಿಗೆ ಈ ವಿದ್ಯೆ ಗೊತ್ತಿದ್ದರೆ ಇಷ್ಟೊತ್ತಿಗೆ ದಿವಾಳಿ ಎದ್ದು ಹಾಯಾಗಿರುತ್ತಿದ್ದ.

ಅದೇ ದರಕ್ಕೆ ರಾಜ್ಯಗಳಿಗೂ ಕೊಟ್ಟರು, ಸುಳ್ಳು ಹೇಳಬಾರದು. ಬಡವನೂ ಡಿಸ್ಟಿಲರಿಯೂ ಒಂದೇ ಪಂಕ್ತಿ. ಪಂಕ್ತಿಭೇದ ಹೋಗಲಿ ಅಂತ ಎಷ್ಟು ಜನ ಎಷ್ಟು ವರ್ಷ ಹೋರಾಡಿದ್ದರು, ಕೊನೆಗೂ ಆಯಿತು.

ಇದೆಲ್ಲ ಪರಿಸರಕ್ಕಾಗಿ ಅಂತೆ. ಒಂದು ಕೆಜಿ ಅಕ್ಕಿ ಬೆಳೆಯಲು ಸಾವಿರಾರು ಲೀಟರ್ ನೀರು ಬೇಕು. ಪಂಜಾಬಿನಲ್ಲಿ ಪುಕ್ಕಟೆ ಕರೆಂಟಿನಲ್ಲಿ ಪಾತಾಳದಿಂದ ನೀರೆತ್ತಿ, ಗದ್ದೆಗೆ ಯೂರಿಯಾ ಸುರಿದು, ಭತ್ತ ಬೆಳೆದು, ಕೂಳೆಗೆ ಬೆಂಕಿ ಇಟ್ಟು, ಅಕ್ಕಿಯನ್ನು ಡೀಸೆಲ್ ಲಾರಿಯಲ್ಲಿ ಡಿಸ್ಟಿಲರಿಗೆ ಸಾಗಿಸಿ, ಅಲ್ಲಿಂದ ಇನ್ನೊಂದು ಡೀಸೆಲ್ ಟ್ಯಾಂಕರಿನಲ್ಲಿ ತಂದು ಸುರಿದರೆ ಅದರ ಹೆಸರು ಹಸಿರು ಇಂಧನ. ಮೈಲೇಜು ಸ್ವಲ್ಪ ಕಮ್ಮಿ ಆಗುತ್ತೆ. ಆಗಲಿ ಬಿಡಿ, ಇನ್ನೊಂದು ತುತ್ತು ಜಾಸ್ತಿ ಉಣ್ಣುತ್ತೆ.

ಹಾವೇರಿ, ಗದಗ ಕಡೆ ರೈತರು ಎಥನಾಲ್ ಕಾಲ ಬಂತು ಅಂತ ಮೆಕ್ಕೆಜೋಳ ಹಾಕಿದರು. 2025ರ ನವೆಂಬರ್‌ನಲ್ಲಿ ಬೆಂಬಲ ಬೆಲೆ ಕಾಗದದಲ್ಲಿ ಕ್ವಿಂಟಲ್‌ಗೆ 2,400 ರೂಪಾಯಿ ಇತ್ತು, ಮಾರುಕಟ್ಟೆಯಲ್ಲಿ ಎರಡು ಸಾವಿರವೂ ಸಿಗದೆ ರಸ್ತೆಗೆ ಕೂತರು. ಪೆಟ್ರೋಲ್ ರೇಟು ಮಾತ್ರ ಒಂದು ಪೈಸೆ ಇಳಿಯಲಿಲ್ಲ.

ಅಮ್ಮ ಎಲ್ಲ ಕೇಳಿದಳು. "ಅಷ್ಟು ಅನ್ನ ಉಣ್ಣುತ್ತಲ್ಲ ನಿನ್ನ ಗಾಡಿ, ಸಾರು ಯಾರು ಮಾಡಿ ಹಾಕ್ತಾರೆ?" ಅಂದಳು. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗಿ ಬಂತು. ತಟ್ಟೆ ಇಡುವಾಗ ಸ್ಕೂಟರ್ ಕೀ ಕೂಡ ಪಕ್ಕದಲ್ಲೇ ಇಟ್ಟಳು, "ಇಬ್ಬರೂ ಹಂಚಿಕೊಳ್ಳಿ" ಅಂತ.